ಬೆರಳಿಲ್ಲದ ಗ್ಲೌಸ್ ಹೆಣೆಯುವ ಮುಂಚೆ: ಮೊದಲು ಹೆಬ್ಬೆರಳು, ಆಮೇಲೆ ಉಳಿದದ್ದು

ಬೆರಳಿಲ್ಲದ ಗ್ಲೌಸ್ ಹೆಣೆಯಲು ಹೊರಟವರು ಮೊದಲು ಬಣ್ಣ ಆರಿಸುತ್ತಾರೆ. ಆಮೇಲೆ ಡಿಸೈನ್ ಹುಡುಕುತ್ತಾರೆ. ಹೆಬ್ಬೆರಳು ನೆನಪಾಗುವುದು ಅರ್ಧ ಹೆಣೆದ ಮೇಲೆ. ನನ್ನನ್ನು ಕೇಳಿದರೆ ಇದು ಪೂರ್ತಿ ತಲೆಕೆಳಗು. ಅಂಗೈ ಸುತ್ತ ಕೂರುವ ಕೊಳವೆಯೊಂದನ್ನು ಹೆಣೆಯುವುದು ದೊಡ್ಡ ವಿಷಯವೇನಲ್ಲ. ಹೆಬ್ಬೆರಳು ಎಲ್ಲಿ, ಹೇಗೆ ಹೊರಗೆ ಬರಬೇಕು ಅನ್ನುವುದನ್ನು ತೀರ್ಮಾನ ಮಾಡಿಕೊಳ್ಳಿ. ಚಪ್ಪಟೆಯಾಗಿ ಹೆಣೆಯಬೇಕೋ ಸುತ್ತಾಗಿಯೋ, ಯಾವ ಕಡ್ಡಿ ತರಬೇಕು ಅನ್ನುವ ಪ್ರಶ್ನೆಗಳು ಅರ್ಧಕ್ಕರ್ಧ ತಾವೇ ಬಗೆಹರಿಯುತ್ತವೆ.

ನಿಮಗೆ ನಿಟ್, ಪರ್ಲ್ ಎರಡೂ ಗೊತ್ತಿದೆ, ಒಂದು ಮಫ್ಲರನ್ನಾದರೂ ಹೆಣೆದು ಮುಗಿಸಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ಹಾಕಿಕೊಳ್ಳುವವರು ಯಾರು?

ನಮ್ಮ ಕಡೆ ಇದರ ಉಪಯೋಗ ಇರುವುದು ಚಳಿಗಿಂತ ಹೆಚ್ಚಾಗಿ ಬೆರಳುಗಳಿಗೆ ಕೆಲಸ ಇರುವ ಕಡೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬೆಂಗಳೂರಿನಲ್ಲಿ 15-16 ಡಿಗ್ರಿ ಇರುತ್ತದೆ. ಅದಕ್ಕೆ ಪೂರ್ತಿ ಗ್ಲೌಸ್ ಜಾಸ್ತಿಯಾಯಿತು, ಅಲ್ವಾ? ಆದರೆ ಆಫೀಸಿನ ಎಸಿಯಲ್ಲಿ ಎಂಟು ಗಂಟೆ ಕೀಬೋರ್ಡ್ ಕುಟ್ಟುವವರಿಗೆ ಮಣಿಕಟ್ಟು, ಅಂಗೈ ಮುಚ್ಚಿ ಬೆರಳು ಬಿಟ್ಟರೆ ಸಾಕು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ನಡೆಯುವುದು ಚಳಿಗಾಲದಲ್ಲೇ. ಇಬ್ಬನಿ ಬಿದ್ದ ಗಿಡದಿಂದ ಹಣ್ಣು ಬಿಡಿಸಲು ಬೆರಳ ತುದಿ ಬೇಕೇ ಬೇಕು. ಟೊರಾಂಟೊದಲ್ಲೋ ಮ್ಯೂನಿಕ್‌ನಲ್ಲೋ ಇರುವ ಮಗಳಿಗೆ ಕಳಿಸುವುದಾದರೆ ಅಲ್ಲಿಯ ಜನವರಿಗೆ ಇದೊಂದೇ ಸಾಲದು. ದಪ್ಪ ಗ್ಲೌಸಿನ ಒಳಗೆ ಹಾಕಿಕೊಂಡು, ಫೋನ್ ಬಂದಾಗ ಮೇಲಿನದನ್ನು ಮಾತ್ರ ತೆಗೆಯಬಹುದು.

ಸ್ಕೂಟರಿಗೆ ಮಾತ್ರ ಬೇಡ. ಹೆಣೆದ ಬಟ್ಟೆಯಲ್ಲಿ ಗಾಳಿ ನೇರ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಹಿಡಿಯ ಮೇಲೆ ಜಾರುತ್ತದೆ, ಉಜ್ಜಿ ಉಜ್ಜಿ ಅಂಗೈ ಭಾಗ ಬೇಗ ಸವೆಯುತ್ತದೆ. ಗಾಡಿ ಓಡಿಸುವವರಿಗೆ ಚರ್ಮದ ಗ್ಲೌಸ್ ಕೊಡಿಸಿಬಿಡಿ.

ಹೆಬ್ಬೆರಳಿಗೆ ನಾಲ್ಕು ದಾರಿ

ಮೊದಲನೆಯದು, ಹೆಬ್ಬೆರಳಿನ ಗೊಡವೆಗೇ ಹೋಗದಿರುವುದು. ಮಣಿಕಟ್ಟಿಗೆ ಮಾತ್ರ ಕೂರುವ ಚಿಕ್ಕ ಕೊಳವೆ. ಎಂಟು-ಹತ್ತು ಸೆಂಟಿಮೀಟರ್ ಉದ್ದ, ಪೂರ್ತಿ ರಿಬ್, ಅಂದರೆ ನಿಟ್, ಪರ್ಲ್ ಪಟ್ಟಿಗಳು ಒಂದರ ಪಕ್ಕ ಒಂದು ಬರುವ, ಹಿಗ್ಗಿ ಕುಗ್ಗುವ ಹೆಣಿಗೆ. ಇದನ್ನು ಕಡಿಮೆ ಅಂದುಕೊಳ್ಳಬೇಡಿ. ಲಿಥುವೇನಿಯಾದಲ್ಲಿ ಹೆಣೆಯುವ ನೂಲಿಗೇ ಸಣ್ಣ ಮಣಿ ಪೋಣಿಸಿಕೊಂಡು ಇಂಥ ಮಣಿಕಟ್ಟಿನ ಪಟ್ಟಿಗಳನ್ನು ಹೆಣೆಯುವ ಹಳೆಯ ಪದ್ಧತಿಯೇ ಇದೆ. ಬೆಳಗಾಗೆದ್ದು ಪೂಜೆಗೆ ಹೂ ಬಿಡಿಸಲು ಹೋಗುವ ಅಜ್ಜಿಗೆ ನಾನು ಹೆಣೆಯುವುದಾದರೆ ಇದನ್ನೇ. ಪದೇ ಪದೇ ಕೈ ತೊಳೆಯುವವರಿಗೂ ಇದೇ ಸರಿ. ಮೊಣಕೈ ಕಡೆಗೆ ಸರಿಸಿಬಿಟ್ಟರೆ ಆಯಿತು.

ಎರಡನೆಯದು ಸೀಳು. ಟೈಲರ್ ಅಂಗಿಗೆ ಕಾಜಾ ಮಾಡಿದ ಹಾಗೆ ಕೊಳವೆಯಲ್ಲಿ ಒಂದು ತೆರಪು ಬಿಡುವುದು. ಅಡ್ಡ ಸೀಳು ಬೇಕಾದರೆ ಒಂದು ಸುತ್ತಿನಲ್ಲಿ 7 ಕುಣಿಕೆ ಮುಗಿಸಿ, ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ 7 ಕುಣಿಕೆ ಹೊಸದಾಗಿ ಹಾಕುತ್ತೀರಿ. ಉದ್ದ ಸೀಳು ಬೇಕಾದರೆ ಸುತ್ತು ಹೋಗುವುದನ್ನು ನಿಲ್ಲಿಸಿ ನಾಲ್ಕೈದು ಸೆಂಟಿಮೀಟರ್‌ನಷ್ಟು ಆಚೆ-ಈಚೆ ಹೆಣೆದು, ಮತ್ತೆ ಸುತ್ತಿಗೆ ಸೇರಿಸುತ್ತೀರಿ. ಎರಡರಲ್ಲಿ ನನಗೆ ಉದ್ದ ಸೀಳೇ ಇಷ್ಟ. ಕೈ ತೆರೆದಾಗ ಅದು ತಾನೇ ಅಗಲವಾಗುತ್ತದೆ. ಅಡ್ಡ ಸೀಳಿನ ಅಂಚು ಬಿಗಿಯಾದರೆ ಹೆಬ್ಬೆರಳಿನ ಬುಡಕ್ಕೆ ಒತ್ತುತ್ತದೆ. ಕೈ ಅಳತೆ ಗೊತ್ತಿಲ್ಲದವರಿಗೆ ಉಡುಗೊರೆ ಕೊಡಲು, ಬೆಳೆಯುವ ಮಕ್ಕಳಿಗೆ ಸೀಳು ಒಳ್ಳೆಯದು.

ಮೂರನೆಯದು ಆಮೇಲೆ ಬಿಡಿಸುವ ಹೆಬ್ಬೆರಳು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ ಅಲ್ಲಿನವರಿಗೆ ಹೆಣಿಗೆ ಕಲಿಸಿದ ಎಲಿಜಬೆತ್ ಜಿಮ್ಮರ್‌ಮನ್ (1910-1999) ಇದನ್ನು ತುಂಬಾ ಜನರ ಕೈಗೆ ತಲುಪಿಸಿದರು. ಹೆಬ್ಬೆರಳಿನ ಜಾಗಕ್ಕೆ ಬಂದಾಗ ಬೇರೆ ಬಣ್ಣದ ತುಂಡು ನೂಲಿನಿಂದ 7 ಕುಣಿಕೆ ಹೆಣೆಯಿರಿ. ಆ 7ನ್ನೂ ಎಡಗೈ ಕಡ್ಡಿಗೆ ವಾಪಸ್ ಜಾರಿಸಿ, ಅಸಲಿ ನೂಲಿನಿಂದ ಇನ್ನೊಮ್ಮೆ ಹೆಣೆದು ಏನೂ ಆಗದವರಂತೆ ಮುಂದೆ ಹೋಗಿ. ಇಡೀ ಕೊಳವೆ ಮುಗಿದ ಮೇಲೆ ತುಂಡು ನೂಲಿನ ಕೆಳಗಿನ 7 ಕುಣಿಕೆಗಳನ್ನು ಒಂದು ಸಣ್ಣ ಕಡ್ಡಿಗೆ, ಮೇಲಿನವನ್ನು ಇನ್ನೊಂದಕ್ಕೆ ಪೋಣಿಸಿ. ಆಮೇಲೆ ತುಂಡು ನೂಲನ್ನು ಒಂದೊಂದೇ ಕುಣಿಕೆಯಾಗಿ ಎಳೆದು ತೆಗೆಯಿರಿ. ಮೊದಲು ಪೋಣಿಸಿ ಆಮೇಲೆ ಬಿಚ್ಚಿದರೆ ಒಂದು ಕುಣಿಕೆಯೂ ಕೆಳಗೆ ಓಡುವುದಿಲ್ಲ. ಮೇಲಿನ ಸಾಲಿನಲ್ಲಿ 6 ಸಿಕ್ಕರೆ ಗಾಬರಿ ಬೇಡ, ಅಲ್ಲಿ ಒಂದು ಕಡಿಮೆ ಬರುವುದು ಸಹಜ.

ಗಮನ ಬೇಕಾಗುವುದು ಎರಡು ಮೂಲೆಗಳಲ್ಲಿ. ಮೇಲಿನ ಮತ್ತು ಕೆಳಗಿನ ಸಾಲು ಸೇರುವ ಕಡೆ ಒಂದೊಂದು ತೂತು ಬಾಯಿ ಬಿಟ್ಟುಕೊಂಡಿರುತ್ತದೆ. ಆ ಜಾಗದ ಎಳೆಯನ್ನು ಎತ್ತಿ, ಒಂದು ತಿರುವು ಕೊಟ್ಟು ಒಂದೊಂದು ಹೆಚ್ಚುವರಿ ಕುಣಿಕೆ ಮಾಡಿ. ಮುಂದಿನ ಸುತ್ತಿನಲ್ಲಿ ಅದನ್ನು ಪಕ್ಕದ ಕುಣಿಕೆಯ ಜೊತೆ ಸೇರಿಸಿ ಹೆಣೆದರೆ ತೂತು ಮುಚ್ಚುತ್ತದೆ. ಆಮೇಲೂ ಒಂದಿಷ್ಟು ಸಂದಿ ಉಳಿದರೆ ನೂಲಿನ ಬಾಲದಿಂದ ಒಳಗಡೆಯಿಂದ ಹೊಲಿಗೆ ಹಾಕಿ. ಯಾರೂ ನೋಡುವುದಿಲ್ಲ. ತುಂಡು ನೂಲು ನುಣುಪಾಗಿರಲಿ. ಜುಂಗು ಇರುವ ನೂಲಾದರೆ ಅದರ ಎಳೆಗಳು ಒಳಗೇ ಸಿಕ್ಕಿಕೊಂಡು ಹಿಂಸೆ ಕೊಡುತ್ತವೆ.

ಈ ವಿಧಾನದ ಕೊರತೆ ಕೈ ಅಗಲಿಸಿದಾಗ ಗೊತ್ತಾಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ನಮಗೆಲ್ಲ ಒಂದು ಮಾಂಸದ ದಿಣ್ಣೆ ಇದೆ. ಅದಕ್ಕಾಗಿ ಇಲ್ಲಿ ಜಾಗವೇ ಬಿಟ್ಟಿಲ್ಲ. ಹಾಗಾಗಿ ಬಟ್ಟೆ ಅಡ್ಡಡ್ಡ ಎಳೆಯುತ್ತದೆ. ರಿಬ್‌ನಲ್ಲಿ ಹೆಣೆದರೆ ಅಷ್ಟು ತಿಳಿಯುವುದಿಲ್ಲ. ಆದರೆ ಹೊರಮೈ ಪೂರ್ತಿ ನಿಟ್ ಇದ್ದರೆ ಚೆನ್ನಾಗಿಯೇ ತಿಳಿಯುತ್ತದೆ.

ನಾಲ್ಕನೆಯದು ಆ ದಿಣ್ಣೆಗೆ ಜಾಗ ಮಾಡಿಕೊಡುವ ಗಸೆಟ್. ಮಣಿಕಟ್ಟಿನ ರಿಬ್ ಮುಗಿದ ಮೇಲೆ ಒಂದು ಕುಣಿಕೆಯ ಎರಡೂ ಪಕ್ಕಕ್ಕೆ ಗುರುತು ಹಾಕಿ. ಪ್ರತಿ ಮೂರನೇ ಸುತ್ತಿನಲ್ಲಿ ಗುರುತುಗಳ ಒಳಗೆ ಆ ಕಡೆ ಒಂದು, ಈ ಕಡೆ ಒಂದು ಕುಣಿಕೆ ಹೆಚ್ಚಿಸಿ. 1 ಇದ್ದದ್ದು 3, 5, 7 ಆಗುತ್ತಾ 13ಕ್ಕೆ ಬರುತ್ತದೆ. ಆರು ಸಲ ಹೆಚ್ಚಿಸಲು 18 ಸುತ್ತು, ಡಿಕೆ ಅನ್ನುವ ಮಧ್ಯಮ ದಪ್ಪದ ನೂಲಿನಲ್ಲಿ ಸುಮಾರು 6 ಸೆಂಟಿಮೀಟರ್. ಮಣಿಕಟ್ಟಿನಿಂದ ಹೆಬ್ಬೆರಳು ಕವಲೊಡೆಯುವ ಜಾಗಕ್ಕೆ ಸಾಧಾರಣ ಹೆಣ್ಣು ಕೈಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಆ 13ನ್ನು ತುಂಡು ನೂಲಿಗೆ ಪೋಣಿಸಿಟ್ಟು, ತೆರಪಿನ ಮೇಲೆ ಒಂದು ಕುಣಿಕೆ ಹಾಕಿ, ಅಂಗೈಯನ್ನು ಮುಂದುವರಿಸಿ. ಕೊನೆಯಲ್ಲಿ ವಾಪಸ್ ಬಂದು ಹೆಬ್ಬೆರಳಿಗೆ ನಾಲ್ಕೈದು ಸುತ್ತಿನ ಚಿಕ್ಕ ತೋಳು ಹೆಣೆದು ಮುಗಿಸಿ.

ಕೀಬೋರ್ಡ್ ಮುಂದೆ ಕೂರುವವರಿಗೆ, ಕಾಯಿ-ಹಣ್ಣು ಕೊಯ್ಯುವವರಿಗೆ, ವಾದ್ಯ ನುಡಿಸುವವರಿಗೆ ನಾನು ಎರಡು ಮಾತಿಲ್ಲದೆ ಗಸೆಟ್ ಹೇಳುತ್ತೇನೆ. ಹೆಬ್ಬೆರಳು ಎತ್ತ ತಿರುಗಿದರೂ ಅಂಗೈಯ ಬಟ್ಟೆ ಅಲುಗುವುದಿಲ್ಲ. ಕಷ್ಟ ಅಂತ ಅದಕ್ಕೆ ಹೆಸರು ಬಂದಿದೆ, ಆದರೆ ಇರುವುದು ಲೆಕ್ಕ ಇಡುವ ಕಷ್ಟ ಮಾತ್ರ. ಒಂದು ಚೀಟಿಯಲ್ಲಿ ಸುತ್ತಿಗೊಂದು ಗೆರೆ ಎಳೆಯುತ್ತಾ ಹೋದರೆ ಮುಗಿಯಿತು.

ಚಪ್ಪಟೆಯಾಗಿಯೋ, ಸುತ್ತಾಗಿಯೋ

ಸೀಳು ಸಾಕು ಅನ್ನುವವರು ಸುತ್ತಾಗಿ ಹೆಣೆಯುವ ಕಷ್ಟವನ್ನೇ ಪಡಬೇಕಾಗಿಲ್ಲ. ಎರಡು ಸಾದಾ ಕಡ್ಡಿಯಲ್ಲಿ ಒಂದು ಆಯತ ಹೆಣೆದು, ಮಡಿಸಿ, ಪಕ್ಕ ಹೊಲಿಯುವಾಗ ಹೆಬ್ಬೆರಳಿನ ಕಡೆ ನಾಲ್ಕೈದು ಸೆಂಟಿಮೀಟರ್ ಹೊಲಿಯದೆ ಬಿಟ್ಟರೆ ಸೀಳು ಬಿಟ್ಟಿಯಾಗಿ ಸಿಗುತ್ತದೆ. ಸುತ್ತು ಹೆಣಿಗೆ ಬಲ್ಲವರು ಇದನ್ನು ಕಲಿಯುವವರ ಕೆಲಸ ಅಂತ ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಚೆನ್ನಾಗಿ ಹೊಲಿದ ಪಕ್ಕ ಗ್ಲೌಸಿಗೆ ಒಂದು ಬಲವೂ ಹೌದು.

ಹೊಲಿಗೆ ಕಾಣದಂತೆ ಮಾಡುವ ಗುಟ್ಟು ಕುಣಿಕೆಯ ಸಂಖ್ಯೆಯಲ್ಲಿದೆ. ಎರಡು ನಿಟ್, ಎರಡು ಪರ್ಲ್ ರಿಬ್‌ಗೆ 36ರ ಬದಲು 38 ಕುಣಿಕೆ ಹಾಕಿ. ಆಗ ಸಾಲು ಎರಡು ನಿಟ್‌ನಿಂದ ಶುರುವಾಗಿ ಎರಡು ನಿಟ್‌ನಲ್ಲೇ ಮುಗಿಯುತ್ತದೆ. ಹೊಲಿಯುವಾಗ ಪ್ರತಿ ಅಂಚಿನಿಂದ ಒಂದೊಂದು ಕುಣಿಕೆ ಒಳಗೆ ಹೋಗುತ್ತದೆ. ಈ ಕಡೆ ಉಳಿದ ಒಂದು ನಿಟ್, ಆ ಕಡೆ ಉಳಿದ ಒಂದು ನಿಟ್ ಸೇರಿ ಮತ್ತೆ ಎರಡಾಗುತ್ತದೆ. ರಿಬ್ ಎಲ್ಲೂ ತುಂಡಾಗದೆ ಸುತ್ತ ಓಡುತ್ತದೆ. ಹೊಲಿಯುವಾಗ ಒಳ್ಳೆಯ ಮೈ ನಿಮ್ಮ ಕಡೆಗಿರಲಿ. ಅಂಚಿನ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯ ನಡುವಿನ ಅಡ್ಡ ಎಳೆಯನ್ನು ಒಮ್ಮೆ ಈ ಬದಿ, ಒಮ್ಮೆ ಆ ಬದಿ ಎತ್ತುತ್ತಾ ಹೋಗಿ. ಎರಡು ಸೆಂಟಿಮೀಟರಿಗೊಮ್ಮೆ ನೂಲನ್ನು ನಿಧಾನವಾಗಿ ಎಳೆದರೆ ಎರಡು ಅಂಚೂ ಬಂದು ಕೂಡಿಕೊಳ್ಳುತ್ತವೆ.

ಪರ್ಲ್ ಕಂಡರೆ ಆಗದವರಿಗೆ ಇನ್ನೂ ಸುಲಭದ ದಾರಿಯಿದೆ. ಗ್ಲೌಸನ್ನು ಅಡ್ಡ ಮಲಗಿಸಿ ಹೆಣೆಯುವುದು. ಗ್ಲೌಸಿನ ಉದ್ದಕ್ಕೆ ಬೇಕಾದಷ್ಟು, ಅಂದರೆ ಸುಮಾರು 38 ಕುಣಿಕೆ ಹಾಕಿ, ಪ್ರತಿ ಸಾಲೂ ಸುಮ್ನೆ ನಿಟ್ ಮಾಡುತ್ತಾ ಹೋಗಿ. ಸ್ವಲ್ಪ ಎಳೆದು ಹಿಡಿದರೆ ಅಂಗೈ ಸುತ್ತ ಬರುವಷ್ಟಾದಾಗ ನಿಲ್ಲಿಸಿ ಹೊಲಿಯಿರಿ. ಏಣುಗಳು ತೋಳಿನ ಉದ್ದಕ್ಕೆ ಬರುವುದರಿಂದ ರಿಬ್‌ನಂತೆಯೇ ಹಿಗ್ಗುತ್ತದೆ. ಮೊದಲ ಜೋಡಿಗೆ ನನ್ನ ಓಟು ಇದಕ್ಕೆ.

ಗಸೆಟ್ ಅಥವಾ ಆಮೇಲೆ ಬಿಡಿಸುವ ಹೆಬ್ಬೆರಳು ಆರಿಸಿಕೊಂಡಿದ್ದರೆ ಸುತ್ತಾಗಿ ಹೆಣೆಯುವುದೇ ವಾಸಿ. ಇಲ್ಲಿ ಮತ್ತೆ ಆಯ್ಕೆ ಬರುತ್ತದೆ. ಎರಡೂ ಕಡೆ ಮೊನೆಯಿರುವ ಚಿಕ್ಕ ಕಡ್ಡಿಗಳ ಸೆಟ್ ಒಂದು. ನಾಲ್ಕೋ ಐದೋ ಕಡ್ಡಿ ಇರುತ್ತದೆ, 15 ಅಥವಾ 20 ಸೆಂಟಿಮೀಟರ್ ಉದ್ದ. ಅಗ್ಗ, ಹೆಬ್ಬೆರಳಿನ ಚಿಕ್ಕ ತೋಳಿಗೂ ಇವೇ ಆಗುತ್ತವೆ. ಕಡ್ಡಿ ಬದಲಾಗುವ ಕಡೆ ಸಡಿಲ ಗೆರೆ ಬೀಳುವುದು ಇವುಗಳ ದೊಡ್ಡ ಕಾಟ. ಹೊಸ ಕಡ್ಡಿಯ ಎರಡನೇ ಕುಣಿಕೆ ಹೆಣೆದ ಮೇಲೆ ನೂಲನ್ನು ಒಮ್ಮೆ ಎಳೆದುಕೊಂಡರೆ ಕಡಿಮೆಯಾಗುತ್ತದೆ. ಬಸ್ಸಿನಲ್ಲಿ ಹೆಣೆಯುವವರು ಇದನ್ನು ಬಿಡಿ. ಸೀಟಿನ ಕೆಳಗೆ ಉರುಳಿದ ಕಡ್ಡಿ ಸಿಗುವುದು ಕೊನೆಯ ಸ್ಟಾಪಿನಲ್ಲಿ.

ಇನ್ನೊಂದು, ಉದ್ದ ಕೇಬಲ್ ಇರುವ ಒಂದೇ ಕಡ್ಡಿಯಲ್ಲಿ ಹೆಣೆಯುವ ಮ್ಯಾಜಿಕ್ ಲೂಪ್. ಕುಣಿಕೆಗಳನ್ನು ಎರಡು ಪಾಲು ಮಾಡಿ, ನಡುವೆ ಕೇಬಲನ್ನು ಹೊರಗೆ ಎಳೆದಿಟ್ಟುಕೊಂಡು ಅರ್ಧರ್ಧ ಸುತ್ತು ಹೆಣೆಯುವುದು. ಕೇಬಲ್ ಸೇರಿ 80 ಸೆಂಟಿಮೀಟರ್ ಉದ್ದವಾದರೂ ಇರಬೇಕು. ಗಡುಸು ಕೇಬಲ್ ಬಂದರೆ ಪ್ರತಿ ಅರ್ಧ ಸುತ್ತಿಗೂ ಜಗಳವೇ. ಹಾಗಾಗಿ ಉಳಿತಾಯವನ್ನು ಬೇರೆಲ್ಲಾದರೂ ಮಾಡಿ, ಇಲ್ಲಿ ಮೆತ್ತಗಿನ ಕೇಬಲ್ ಇರುವುದನ್ನೇ ಕೊಳ್ಳಿ. 40 ಸೆಂಟಿಮೀಟರ್ ರೌಂಡ್ ಕಡ್ಡಿ ಸಾಕು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಅದು ಟೋಪಿಗೆ ಸರಿ. 16-17 ಸೆಂಟಿಮೀಟರ್ ಸುತ್ತಳತೆಯ ಗ್ಲೌಸ್ ಅದರ ಮೇಲೆ ಎಷ್ಟು ಎಳೆದರೂ ಕೂಡುವುದಿಲ್ಲ.

ಕಡ್ಡಿಯ ನಂಬರ್ ಎಂಬ ತಲೆನೋವು

ಅಮ್ಮಂದಿರ ಕಾಲದ ಕಡ್ಡಿಗಳ ತಲೆಯ ಮೇಲೆ 8, 10, 12 ಅಂತ ಇರುತ್ತದೆ. ಅದು ಹಳೆಯ ಬ್ರಿಟಿಷ್ ಲೆಕ್ಕ. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿಯ 8 ಅಂದರೆ 5 ಮಿಲಿಮೀಟರ್, 10 ಅಂದರೆ 6. ಇಂಟರ್ನೆಟ್ಟಿನಲ್ಲಿ ಸಿಕ್ಕ ಅಮೆರಿಕದ ಪ್ಯಾಟರ್ನಿಗೆ ಮನೆಯ 10ನೇ ನಂಬರ್ ಕಡ್ಡಿ ಹಿಡಿದು ಕೂತರೆ ದೊಡ್ಡವರ ಗ್ಲೌಸ್ ಮಗುವಿಗೂ ಆಗದಷ್ಟು ಚಿಕ್ಕದಾಗುತ್ತದೆ. ಪ್ಯಾಟರ್ನ್ ಎಲ್ಲಿಯದಾದರೂ ಮಿಲಿಮೀಟರ್ ಮಾತ್ರ ನೋಡಿ. ಈಗಿನ ಪೋನಿ, ನಿಟ್‌ಪ್ರೋ ಕಡ್ಡಿಗಳಲ್ಲಿ ಅದು ಬರೆದಿರುತ್ತದೆ.

ಅಳತೆ

ಡಿಕೆ ದಪ್ಪದ ನೂಲು, 4 ಮಿಲಿಮೀಟರ್ ಕಡ್ಡಿ, 10 ಸೆಂಟಿಮೀಟರಿಗೆ 22 ಕುಣಿಕೆ. ಇದನ್ನು ಆಧಾರವಾಗಿಟ್ಟುಕೊಳ್ಳಿ. ಹೆಬ್ಬೆರಳು ಬಿಟ್ಟು ಗೆಣ್ಣುಗಳ ಸುತ್ತ ಟೇಪು ಹಿಡಿಯಿರಿ. 18 ಸೆಂಟಿಮೀಟರ್ ಬಂತು ಅನ್ನಿ. ಗ್ಲೌಸ್ ಕೈಗಿಂತ ಹತ್ತನೇ ಒಂದು ಭಾಗ ಚಿಕ್ಕದಿದ್ದರೆ ಮೈಗೆ ಅಂಟಿ ಕೂರುತ್ತದೆ. ಅಂದರೆ ಸುಮಾರು 16 ಸೆಂಟಿಮೀಟರ್, 2.2ರಿಂದ ಗುಣಿಸಿದರೆ 35 ಚಿಲ್ಲರೆ, ರಿಬ್‌ಗೆ ನಾಲ್ಕರ ಮಗ್ಗಿಯಲ್ಲಿ 36. ಹಿಗ್ಗದ ಸಾದಾ ನಿಟ್ ಆದರೆ 40 ಹಾಕಿ. ಕೈಯ ಮೇಲ್ಭಾಗದಲ್ಲಿ ಜಡೆ ಡಿಸೈನ್ ಹಾಕುವುದಾದರೆ ಅದು ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಇನ್ನೂ ನಾಲ್ಕು ಸೇರಿಸಿ. ಅಂಗೈ ಕಡೆಗೆ ಜಡೆ ಬೇಡವೇ ಬೇಡ, ಏನು ಹಿಡಿದರೂ ಒತ್ತುತ್ತದೆ.

ಎಲ್ಲರೂ ಬೇಜಾರು ಪಡುವ ಸ್ಯಾಂಪಲ್ ತುಂಡನ್ನು ಇಲ್ಲಿ ತಪ್ಪಿಸಬಹುದು. ಮಣಿಕಟ್ಟಿನ ಒಂದಿಂಚು ಹೆಣೆದು ಕೈಗೆ ತೊಡಿಸಿ ನೋಡಿ, ಅಷ್ಟೇ. ಸರಿಯಿಲ್ಲದಿದ್ದರೆ ಬಿಚ್ಚಿದರಾಯಿತು, ಸ್ವೆಟರ್ ಅಲ್ಲವಲ್ಲ. ಬೆರಳಿನ ಕಡೆಯ ಅಂಚು ಮುಗಿಸುವಾಗ ಮಾತ್ರ ಒಂದು ಸೈಜ್ ದಪ್ಪದ ಕಡ್ಡಿ ಬಳಸಿ. ಅಲ್ಲಿ ಬಿಗಿಯಾದರೆ ಬೆರಳಿನ ಬುಡದಲ್ಲಿ ಗೆರೆ ಬೀಳುತ್ತದೆ.

ನೂಲು

ಅಂಗಡಿಯಲ್ಲಿ ಉಲ್ಲನ್ ಅಂತ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಲೂಧಿಯಾನದ ಅಕ್ರಿಲಿಕ್. ವರ್ಧಮಾನ್, ಓಸ್ವಾಲ್, ಗಂಗಾ ಎಲ್ಲ ಅಲ್ಲಿಯವೇ. ಅಗ್ಗ, ಬಣ್ಣ ಬೇಕಾದಷ್ಟು, ಮಷೀನಿಗೆ ಹಾಕಬಹುದು, ನುಸಿ ಹಿಡಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗೆ ನಾಲ್ಕು ತಿಂಗಳು ಬಿದ್ದಿರುವ ವಸ್ತುವಿಗೆ ಇದು ಸಣ್ಣ ಗುಣವಲ್ಲ. ಆದರೆ ಎರಡು ಎಚ್ಚರಿಕೆ. ಅಕ್ರಿಲಿಕ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗ್ಯಾಸ್ ಒಲೆ ಮುಂದೆ ನಿಲ್ಲುವವರ ಕೈಗೆ ಇದು ಬೇಡ. ಇಸ್ತ್ರಿ ಪೆಟ್ಟಿಗೆಯನ್ನೂ ದೂರ ಇಡಿ, ಒಮ್ಮೆ ಚಪ್ಪಟೆಯಾದ ರಿಬ್ ಮತ್ತೆ ಏಳುವುದಿಲ್ಲ.

ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ. ತೇವ ಹೀರಿಕೊಂಡರೂ ಬೆಚ್ಚಗಿರುತ್ತದೆ. ಎಳೆದು ಬಿಟ್ಟರೆ ವಾಪಸ್ ಬರುವ ಗುಣ ಅದಕ್ಕೆ ಹುಟ್ಟಿನಿಂದ ಬಂದದ್ದು, ರಿಬ್ ವರ್ಷಗಟ್ಟಲೆ ಸಡಿಲವಾಗುವುದಿಲ್ಲ. ಮೆರಿನೊ ಕುರಿಯ ಉಣ್ಣೆ ಮೆತ್ತಗಿದ್ದು ಚುಚ್ಚುವುದಿಲ್ಲ, ಆದರೆ ಅಂಗೈಯಲ್ಲಿ ಉಂಡೆ ಉಂಡೆ ಜುಂಗು ಏಳುತ್ತದೆ. ದಿನಾ ಬಳಕೆಗೆ ನೈಲಾನ್ ಬೆರೆತ ಸಾಕ್ಸ್ ನೂಲು ಹೆಚ್ಚು ತಾಳುತ್ತದೆ. ತೆಳ್ಳಗಿರುವುದರಿಂದ ಹೆಣೆಯಲು ಹೊತ್ತು ಜಾಸ್ತಿ. ತೋಟದ ಕೆಲಸಕ್ಕೆ ನಾನು ಇದನ್ನೇ ಎರಡೆಳೆ ಸೇರಿಸಿ ಹೆಣೆಯಲು ಹೇಳುತ್ತೇನೆ.

ನಮ್ಮದೇ ದಖ್ಖನಿ ಕುರಿಯ ಉಣ್ಣೆ ಯಾಕಾಗಬಾರದು ಅಂತ ಕೆಲವರು ಕೇಳುತ್ತಾರೆ. ಚಳ್ಳಕೆರೆಯ ಕಂಬಳಿ ನೋಡಿದವರಿಗೆ ಉತ್ತರ ಗೊತ್ತು. ಆ ಉಣ್ಣೆ ಒರಟು, ಗಟ್ಟಿ. ಕುರುಬರು ಅದನ್ನು ನೂತು ಮಗ್ಗದಲ್ಲಿ ನೇಯ್ದಾಗ ಮಳೆಗೂ ಚಳಿಗೂ ತಡೆಯುವ ಹೊದಿಕೆಯಾಗುತ್ತದೆ. ಮಣಿಕಟ್ಟಿನ ಒಳಮೈಯ ತೆಳು ಚರ್ಮಕ್ಕೆ ಅದು ಚುಚ್ಚುತ್ತದೆ.

ಹತ್ತಿ ನೂಲು ಉಣ್ಣೆ ಆಗಿಬರದವರಿಗೆ ಮಾತ್ರ. ಅದಕ್ಕೆ ಹಿಗ್ಗಿ ಕುಗ್ಗುವ ಗುಣವಿಲ್ಲ, ಮಣಿಕಟ್ಟು ಬೇಗ ಜೋಲುತ್ತದೆ.

ಎರಡನೇ ಕೈ

ಒಂದು ಮುಗಿಸಿ ಇನ್ನೊಂದು ಶುರು ಮಾಡದವರ ಮನೆಯಲ್ಲಿ ಒಂಟಿ ಗ್ಲೌಸುಗಳು ಬಿದ್ದಿರುತ್ತವೆ. ಇದಕ್ಕೆ ಮದ್ದು 100 ಸೆಂಟಿಮೀಟರ್ ಕೇಬಲ್ ಕಡ್ಡಿಯಲ್ಲಿ ಎರಡನ್ನೂ ಒಟ್ಟಿಗೇ ಹೆಣೆಯುವುದು. ಸುತ್ತಿನ ಲೆಕ್ಕ ಬೇಕಾಗಿಲ್ಲ, ಎರಡೂ ಒಂದೇ ಉದ್ದ ಬರುತ್ತವೆ. ನೂಲುಗಳು ಸಿಕ್ಕಿಕೊಳ್ಳುವುದು ಇದರ ದಂಡ. ಒಂದಾದ ಮೇಲೊಂದು ಹೆಣೆಯುವವರು ಮೊದಲನೆಯದರ ಪ್ರತಿ ಭಾಗಕ್ಕೆ ಎಷ್ಟು ಸುತ್ತು ಅಂತ ಬರೆದಿಟ್ಟುಕೊಳ್ಳಲೇಬೇಕು.

ಗಸೆಟ್ಟನ್ನು ಸರಿಯಾಗಿ ಪಕ್ಕಕ್ಕೆ ಇಟ್ಟಿದ್ದರೆ ಎಡ-ಬಲ ಭೇದವಿಲ್ಲ, ಎರಡೂ ಕೈಗೆ ಎರಡೂ ಆಗುತ್ತವೆ. ಆಮೇಲೆ ಬಿಡಿಸುವ ಹೆಬ್ಬೆರಳನ್ನು ಅಂಗೈ ಕಡೆಗೆ ಎರಡು ಕುಣಿಕೆ ಸರಿಸಿದರೆ ಇನ್ನೂ ಚೆನ್ನಾಗಿ ಕೂರುತ್ತದೆ. ಆಗ ಎರಡನೆಯದರಲ್ಲಿ ಅದನ್ನು ಎದುರು ಬದಿಗೆ ಸರಿಸಬೇಕು. ಡಿಕೆ ನೂಲಿನ ಒಂದು ಜೋಡಿಗೆ 50-60 ಗ್ರಾಂ ಹಿಡಿಯುತ್ತದೆ. ಉಂಡೆ 50 ಗ್ರಾಮಿನದಾದರೆ ಒಂದೇ ಬಣ್ಣದ್ದು, ಒಂದೇ ಲಾಟ್ ನಂಬರಿನದು, ಅಂದರೆ ಒಟ್ಟಿಗೇ ಬಣ್ಣ ಹಾಕಿದ್ದು, ಎರಡು ಕೊಳ್ಳಿ. 100 ಗ್ರಾಮಿನದಾದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹೆಣಿಗೆ ಶುರು ಮಾಡುವ ಮೊದಲೇ ಎರಡು ಉಂಡೆ ಮಾಡಿಟ್ಟುಕೊಳ್ಳಿ.